ಮುಚ್ಚದೆ ಬಿಟ್ಟ ಡಿಸ್ಕ್

ಟಕ್. ಟಕ್. ಟಕ್. ಪುಟ್ಟ ಹಸಿರು ದೀಪ ಮೂರು ಸಲ ಮಿನುಗಿ ಆರಿಹೋಯಿತು.

"ಮತ್ತೆ ಸತ್ತಿತು," ಎಂದ ಮೈದುನ.

ಮೇಜಿನ ಮೇಲಿದ್ದ ಆ ಕಪ್ಪು ಡಬ್ಬಿಯನ್ನು ಎತ್ತಿ ಗೋಡೆಗೆ ಬಡಿಯಬೇಕೆನಿಸಿತು ಪತ್ತೇದಾರಮ್ಮನಿಗೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಹೊರಗಿನಿಂದ ಕಂಪ್ಯೂಟರಿಗೆ ಚುಚ್ಚುವ ಡಿಸ್ಕ್ ಡ್ರೈವ್. ಅದರ ಹೊಟ್ಟೆಯಲ್ಲಿ ಒಂದು ಡಿಸ್ಕ್. ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ನಾಲ್ಕಕ್ಕೆ ಆಸ್ಪತ್ರೆಯಲ್ಲಿ ವಿಚಾರಣೆ. ಅಷ್ಟರೊಳಗೆ ಈ ಡಬ್ಬಿ ಬಾಯಿ ಬಿಡದಿದ್ದರೆ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದ, ಅದೇ ಆಸ್ಪತ್ರೆಯ ಎಕ್ಸ್‌ರೇಯವರ ಇಪ್ಪತ್ತಾರು ವರ್ಷದ ಕೆಲಸ ಹೋಗುತ್ತದೆ, ಮೇಲೊಂದು ಪೊಲೀಸ್ ಕೇಸೂ ಬೀಳುತ್ತದೆ.

ಆದದ್ದಿಷ್ಟೇ: ಅಂಚೆಯಣ್ಣನ ಎರಡೂ ಮಂಡಿ ನೋಯುತ್ತಿದ್ದವು, ಪೂರ್ತಿ ಸವೆದದ್ದು ಎಡಗಡೆಯದು, ದೊಡ್ಡ ಡಾಕ್ಟರು ಕೊಯ್ದದ್ದು ಬಲಗಡೆಯದು. "ಎಕ್ಸ್‌ರೇಯಲ್ಲಿ ಬಲ ಅಂತಲೇ ಇತ್ತು" ಎನ್ನುತ್ತಾರೆ ಡಾಕ್ಟರು. "ನಾನು ತೆಗೆದದ್ದು ಎಡ" ಎನ್ನುತ್ತಾರೆ ಎಕ್ಸ್‌ರೇಯವರು. ಆಸ್ಪತ್ರೆಯ ಕಂಪ್ಯೂಟರಿನಲ್ಲಿದ್ದ ಮೂಲ ಚಿತ್ರ, ಜಾಗ ಸಾಲದೆ ಅಳಿಸಿಹೋಯಿತಂತೆ. ಉಳಿದದ್ದು ಅಂಚೆಯಣ್ಣನ ಬಳಿ ಇದ್ದ ಈ ಒಂದು ಡಿಸ್ಕ್.

ನಿನ್ನೆ ಸಂಜೆ ಅದು ಕೈಗೆ ಸಿಕ್ಕಾಗ ಪತ್ತೇದಾರಮ್ಮ ಗೆದ್ದೆ ಎಂದುಕೊಂಡಿದ್ದಳು. ಆಮೇಲೆ ಗೊತ್ತಾಯಿತು, ಡಿಸ್ಕ್ ಹಾಕುವ ಬಾಯಿಯೇ ಈಗಿನ ಕಂಪ್ಯೂಟರುಗಳಿಗೆ ಇಲ್ಲ ಎಂದು.

ಬೆಳಿಗ್ಗೆ ಗಂಡನನ್ನು ಕೇಳಿದ್ದಳು. ಮನೆಯ ಮುಂದಿನ ಕೋಣೆಯೇ ಅವನ ಫೋಟೋ ಸ್ಟುಡಿಯೋ. ಅವಳ ಲ್ಯಾಪ್‌ಟಾಪು ಎರಡು ತಿಂಗಳಿಂದ ಅವನ ಮೇಜಿನ ಮೇಲೇ ಬಿಡಾರ ಹೂಡಿತ್ತು. ಅವನು ತಲೆ ಎತ್ತಲಿಲ್ಲ. ಫೋಟೋ ತೆಗೆಯುವಾಗ ಹಿಂದೆ ಕಟ್ಟುವ ನೀಲಿ ಪರದೆಯನ್ನು ಸುತ್ತಿ, ಕೆಂಪು ತುದಿಯ ಯಾವುದೋ ವೈರಿನಿಂದ ಬಿಗಿಯುತ್ತಾ, "ನಿನ್ನ ಲ್ಯಾಪ್‌ಟಾಪ್ ಡಿಸ್ಕ್ ಗಿಸ್ಕ್ ಎಲ್ಲ ಓದಲ್ಲ ಕಣೆ. ಆಗದ ಕೆಲಸ, ಬಿಟ್ಟುಬಿಡು," ಎಂದಿದ್ದ. ಬಿಟ್ಟುಬಿಡು ಎಂದರೆ ಬಿಡುವ ಜಾತಿಯೇ ಅವಳದ್ದು? ಎಕ್ಸ್‌ರೇಯವರಿಗೆ ಫೋನು ಮಾಡಿ ಅವರದೇ ಡ್ರೈವ್ ತರಲು ಹೇಳಿ, ನೆಟ್ಟಗೆ ಮೈದುನನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದಿದ್ದಳು.

ಅಂಗಡಿಯೋ, ಬಿಚ್ಚಿದ ಯಂತ್ರಗಳ ಸಂತೆ. ಮೈದುನ ಹಳೆಯ ಬಿಡಿಭಾಗ ಜೋಡಿಸಿ ಕಂಪ್ಯೂಟರ್ ಕಟ್ಟುತ್ತಿದ್ದ, ಎಲ್ಲದಕ್ಕೂ ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕುತ್ತಿದ್ದ, ಒಂದೊಂದಕ್ಕೂ ನೆಂಟರ ಹೆಸರಿಡುತ್ತಿದ್ದ. ಈಗ ಎದುರಿಗಿದ್ದುದು ದೊಡ್ಡಪ್ಪ. ಏಳುವುದಕ್ಕೇ ಐದು ನಿಮಿಷ ತೆಗೆದುಕೊಳ್ಳುತ್ತದೆ, ಎದ್ದ ಮೇಲೆ ಕೆಲಸ ಗಟ್ಟಿ. ಮೂಲೆಯಲ್ಲಿ ಫ್ಯಾನು ಬಿಡದೆ ಗೊಣಗುತ್ತಿದ್ದುದು ಚಿಕ್ಕಮ್ಮ.

"ನೀನೇ ಜೋಡಿಸಿಕೊಟ್ಟ ನನ್ನ ಲ್ಯಾಪ್‌ಟಾಪಿಗೆ ಏನು ಹೆಸರಿಟ್ಟಿದ್ದೀಯ?" ಎಂದು ಅವಳು ಬಂದ ಕೂಡಲೇ ಕೇಳಿದ್ದಳು.

"ಅದು ವ್ಯಾಪಾರದ ಗುಟ್ಟು ಅತ್ತಿಗೆ," ಎಂದು ನಕ್ಕು ತಪ್ಪಿಸಿಕೊಂಡಿದ್ದ.

ಈಗ ಅವನು ನಗುತ್ತಿರಲಿಲ್ಲ. ಡ್ರೈವನ್ನು ಹಿಂದಿನ ಕಿಂಡಿಯಿಂದ ಕಿತ್ತು ಮುಂದಿನ ಕಿಂಡಿಗೆ ಚುಚ್ಚಿದ. ಟಕ್. ಟಕ್. ಟಕ್. ದೀಪ ಆರಿತು. ಡಿಸ್ಕನ್ನು ಹೊರತೆಗೆದು ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ, ಗುಂಡಿಗೆ ಕಚ್ಚಿಕೊಳ್ಳುವಂತೆ ಒತ್ತಿ ಮತ್ತೆ ಕೂರಿಸಿದ. ಅದೇ ಹಾಡು. ಜಪ್ಪಯ್ಯ ಎಂದರೂ ಡಬ್ಬಿ ಮಾತಾಡಲಿಲ್ಲ.

"ಡಿಸ್ಕೇ ಹೋಗಿದೆಯೋ?" ಎಂದಳು ಪತ್ತೇದಾರಮ್ಮ.

"ಡಿಸ್ಕ್ ತನಕ ನಾವಿನ್ನೂ ಹೋಗೇ ಇಲ್ಲ. ಬನ್ನಿ, ದೊಡ್ಡಪ್ಪ ಏನು ಬರ್ಕೊಂಡಿದ್ದಾರೆ ನೋಡೋಣ."

ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಸರಸರ ಇಳಿದವು. ಕಂಪ್ಯೂಟರು ತನಗಾದದ್ದನ್ನೆಲ್ಲ ಗಳಿಗೆ ಗಳಿಗೆಗೂ ಬರೆದಿಡುವ ದಿನಚರಿ ಅದು. ಲಾಗ್ ಎನ್ನುತ್ತಾರಂತೆ. ಪತ್ತೇದಾರಮ್ಮ ಕನ್ನಡಕ ಮೂಗಿಗೇರಿಸಿದಳು. ಈ ಕಸುಬಿಗೆ ಬರುವ ಮುಂಚೆ ಹದಿನೆಂಟು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು. ತಲೆಬುಡ ಅರ್ಥವಾಗದಿದ್ದರೂ ಸಾಲು ಸಾಲು ಓದುವ ಚಟ ಬಿಟ್ಟಿರಲಿಲ್ಲ.

"ಒಂದೇ ಮಾತು ಮತ್ತೆ ಮತ್ತೆ ಬರ್ತಿದೆಯಲ್ಲೋ. ಇಲ್ಲಿ, ಇಲ್ಲಿ, ಇಲ್ಲಿ."

"ಹ್ಞೂಂ. ಡ್ರೈವ್ ಬಂತು, ಡ್ರೈವ್ ಹೋಯ್ತು. ಡ್ರೈವ್ ಬಂತು, ಡ್ರೈವ್ ಹೋಯ್ತು." ಮೈದುನ ಗಲ್ಲ ಕೆರೆದುಕೊಂಡ. "ಅಂದ್ರೆ ಕಾಯಿಲೆ ಅಲ್ಲ ಅತ್ತಿಗೆ, ಹಸಿವು. ಡಿಸ್ಕ್ ತಿರುಗಿಸೋ ಮೋಟರಿಗೆ ಕರೆಂಟ್ ಸಾಲ್ತಿಲ್ಲ. ಎದ್ದು ನಿಲ್ಲೋಕೆ ಹೋಗಿ ತಲೆ ಸುತ್ತಿ ಬೀಳ್ತಿದೆ." ಅವನು ಎಕ್ಸ್‌ರೇಯವರ ಕಡೆ ತಿರುಗಿದ. "ಸಾರ್, ಇದರ ಜೊತೆ ಬಂದ ಕೇಬಲ್ ಇದೇನಾ?"

ಎಕ್ಸ್‌ರೇಯವರು ಎದ್ದು ಬಂದು ಕೇಬಲ್ಲನ್ನು ಕೈಯಲ್ಲಿ ತಿರುಗಿಸಿ ನೋಡಿದರು.

"ಅಲ್ಲ. ನಂದು ಎರಡು ತಲೇದು. ಒಂದು ಕಪ್ಪು, ಒಂದು ಕೆಂಪು. ಎರಡನ್ನೂ ಚುಚ್ಚಬೇಕು, ಆಗ ಓಡುತ್ತೆ."

"ಅದೆಲ್ಲಿ?"

"ಡ್ರೈವನ್ನ ನಮ್ಮ ದಾಖಲೆ ವಿಭಾಗದವರು ಎರಡು ದಿನ ಇಸ್ಕೊಂಡಿದ್ರು. ವಾಪಸ್ ಬಂದಾಗ ಈ ಒಂಟಿ ಕೇಬಲ್ ಇತ್ತು. ಕೇಬಲ್ ತಾನೇ ಅಂತ ನಾನೂ ಕೇಳಲಿಲ್ಲ."

"ಯಾವಾಗ ಇಸ್ಕೊಂಡಿದ್ದು?" ಪತ್ತೇದಾರಮ್ಮನ ಮೈಯೆಲ್ಲ ಕಿವಿಯಾಯಿತು.

"ಅಂಚೆಯಣ್ಣನಿಗೆ ಆಪರೇಷನ್ ಆಯ್ತಲ್ಲ, ಹನ್ನೆರಡನೇ ತಾರೀಕು? ಅದರ ಮಾರನೇ ದಿನ."

ಡಿಸ್ಕ್ ಕೂಡ ಆಗ ಆಸ್ಪತ್ರೆಯವರ ಬಳಿಯೇ ಇತ್ತು. ಅಡ್ಮಿಟ್ ಮಾಡಿಕೊಂಡ ದಿನ ತೆಗೆದಿಟ್ಟುಕೊಂಡು, ಮನೆಗೆ ಕಳಿಸುವಾಗ ವಾಪಸ್ ಕೊಟ್ಟಿದ್ದರು. ಡಿಸ್ಕೂ ಡ್ರೈವೂ ಆ ಎರಡು ದಿನ ಯಾರದೋ ಕೈಯಲ್ಲಿ ಜೊತೆಯಾಗಿದ್ದವು. ಪತ್ತೇದಾರಮ್ಮನಿಗೆ ಇನ್ನೂ ಏನೋ ನೆನಪಾದಂತಾಗಿ, ಹಿಡಿಯುವಷ್ಟರಲ್ಲಿ ಜಾರಿಹೋಯಿತು.

ಮೈದುನ ಕಪಾಟಿನಿಂದ ನಾಲ್ಕು ಕಿಂಡಿಯ ಒಂದು ಪೆಟ್ಟಿಗೆ ತೆಗೆದ. ಹಬ್. ಅದಕ್ಕೆ ಗೋಡೆಯಿಂದ ಬೇರೆಯೇ ಕರೆಂಟ್. ಅದನ್ನು ದೊಡ್ಡಪ್ಪನಿಗೂ, ಡ್ರೈವನ್ನು ಅದಕ್ಕೂ ಚುಚ್ಚಿದ.

ಟಕ್. ಆಮೇಲೆ ಸುಯ್ಯೆಂದು ಏರುತ್ತಾ ಹೋದ ಸದ್ದು. ದೀಪ ಆರಲಿಲ್ಲ.

"ಎದ್ದ!" ಎಂದ ಮೈದುನ.

ಪರದೆಯ ಮೇಲೆ ಒಂದು ಕಡತಕೋಶ ಕಾಣಿಸಿತು. ಅದರೊಳಗೆ ಒಂದೇ ಚಿತ್ರ, ಒಂಬತ್ತನೇ ತಾರೀಕಿನದು. ಎಕ್ಸ್‌ರೇ ತೆಗೆದದ್ದು ಅಂದೇ. ಮೈದುನ ಚಿತ್ರ ತೆರೆದ. ಮೂಳೆಗೆ ಮೂಳೆ ತಾಗಿ ಸವೆದುಹೋದ ಒಂದು ಮಂಡಿ. ಮೂಲೆಯಲ್ಲಿ ಬೆಳ್ಳಗೆ ಹೊಳೆಯುವ ಒಂದು ಅಕ್ಷರ.

ಆರ್. ಎಂದರೆ ಬಲಗಾಲು.

ಪತ್ತೇದಾರಮ್ಮನಿಗೆ ಕೋಪ ಮೊದಲು ಬಂತೋ ಅವಮಾನ ಮೊದಲು ಬಂತೋ ತಿಳಿಯಲಿಲ್ಲ. ಹತ್ತು ದಿನದಿಂದ ಈ ಮನುಷ್ಯನ ಮಾತು ನಂಬಿ ಊರೆಲ್ಲ ಅಲೆದಿದ್ದಳು.

"ಡಿಸ್ಕಿನ ಮೇಲಿರೋದು ನಿಮ್ಮ ಕೈಬರಹ ತಾನೆ?" ಎಂದಳು.

"ನಂದೇ."

"ಸಹಿ?"

"ಅದೂ ನಂದೇ. ಅಳಿಸದ ಇಂಕಲ್ಲಿ ನಾನೇ ಹಾಕೋದು."

"ಮತ್ತೆ ಒಳಗಡೆ ಬಲ ಅಂತ ಇದೆಯಲ್ಲ! ಹತ್ತು ದಿನ ನನ್ನ ಹತ್ರ ಎಡ ಎಡ ಅಂದ್ರಿ. ನಿಮಗೋಸ್ಕರ ದೊಡ್ಡ ಡಾಕ್ಟರ ಮುಂದೆ ಜಗಳ ಆಡಿದೀನಿ. ತಪ್ಪು ಆಗಿದ್ರೆ ಆಯ್ತು ಅಂತ ಒಂದು ಮಾತು ಹೇಳಬಾರದಾ?"

ಎಕ್ಸ್‌ರೇಯವರ ಮುಖ ಕೆಂಪಾಯಿತು. ಮೆತ್ತನೆ ಮನುಷ್ಯ. ಇಷ್ಟು ದಿನದಲ್ಲಿ ದನಿ ಏರಿಸಿದ್ದೇ ಇಲ್ಲ.

"ಅಮ್ಮಾ, ಪ್ಲೇಟಿನ ಮೇಲೆ ಆ ಸೀಸದ ಅಕ್ಷರ ಇಡೋ ಮುಂಚೆ ನಾನು ಪೇಷಂಟ್ ಕೈಲೇ ಅವರ ಕಾಲು ಮುಟ್ಟಿಸ್ತೀನಿ. ಇಪ್ಪತ್ತಾರು ವರ್ಷದಿಂದ. ಯಾವ ಕಾಲು ಅಂತ ಬಾಯಲ್ಲಿ ಹೇಳಿದ್ರೆ ನಂಬಲ್ಲ, ಮುಟ್ಟಿ ತೋರಿಸಿ ಅಂತೀನಿ. ಅಂಚೆಯಣ್ಣ ಮುಟ್ಟಿದ್ದು ಎಡ. ನಾನಿಟ್ಟಿದ್ದು ಎಲ್. ಇದು ನನ್ನ ಚಿತ್ರ ಅಲ್ಲ."

"ನಿಮ್ಮ ಡಿಸ್ಕು, ಆದ್ರೆ ನಿಮ್ಮ ಚಿತ್ರ ಅಲ್ಲ. ಇದನ್ನ ನಾಲ್ಕು ಗಂಟೆಗೆ ಯಾರ ಮುಂದೆ ಹೇಳಲಿ ನಾನು? ನಗ್ತಾರೆ!"

"ನಗಲಿ. ನೀವೂ ನಗಿ. ಮಗಳಿಗೆ ಫೋನ್ ಮಾಡಿ ಅಪ್ಪ ಜೈಲಿಗೆ ಹೋಗ್ತಾನೆ ಅಂತ ಹೇಳ್ತೀನಿ, ಅವಳೂ ನಗಲಿ." ಅವರು ಸ್ಟೂಲಿನ ಮೇಲೆ ಕುಸಿದು ಕೂತರು.

ಪತ್ತೇದಾರಮ್ಮನಿಗೆ ನಾಚಿಕೆಯಾಯಿತು. ಏನು ಮಾಡಬೇಕೆಂದು ತೋಚದೆ, ಕೈಗೆ ಕೆಲಸ ಬೇಕೆಂದು ಡ್ರೈವಿನ ಗುಂಡಿ ಒತ್ತಿ ಡಿಸ್ಕನ್ನು ಹೊರತೆಗೆದಳು. ಬೆನ್ನು ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಕರಡು ಹಾಳೆಯನ್ನು ಹೀಗೇ ಬೆಳಕಿಗೆ ಹಿಡಿದು ನೋಡುವುದು ಹಳೆಯ ಅಭ್ಯಾಸ.

ನಡುವಿನ ತೂತಿನ ಸುತ್ತ ಒಂದು ಗಾಢ ಬಣ್ಣದ ಪಟ್ಟಿ. ಆಮೇಲೆ ಕೂದಲೆಳೆಯಷ್ಟು ತಿಳಿ ಗೆರೆ. ಗೆರೆಯಾಚೆ ಮತ್ತೊಂದು ಗಾಢ ಪಟ್ಟಿ. ಅದರಾಚೆ ಅಂಚಿನ ತನಕ ತಿಳಿಬಣ್ಣ, ಖಾಲಿ.

"ಬಾರೋ ಇಲ್ಲಿ. ಇದೇನು, ಬಳೆ ತೊಡಿಸಿದ ಹಾಗೆ ಎರಡು ಉಂಗುರ?"

ಮೈದುನ ಬಂದು ಬಗ್ಗಿ ನೋಡಿದ. ಅವನ ಹುಬ್ಬು ಮೇಲೇರಿತು.

"ಎರಡು ಸಲ ಬರೆದಿದ್ದಾರೆ. ಸಾರ್, ಡಿಸ್ಕ್ ಬರೆದ ಮೇಲೆ ಮುಂದೆ ಯಾರೂ ಬರೆಯದ ಹಾಗೆ ನೀವು ಕ್ಲೋಸ್ ಮಾಡಲ್ವಾ?"

"ಕ್ಲೋಸ್ ಮಾಡಲ್ಲ. ಯಾವತ್ತೂ ಮಾಡಿಲ್ಲ." ಎಕ್ಸ್‌ರೇಯವರು ಕಣ್ಣೊರೆಸಿಕೊಂಡರು. "ಆರು ತಿಂಗಳ ಮೇಲೆ ಪೇಷಂಟ್ ಮತ್ತೆ ಬರ್ತಾರೆ. ಹೊಸ ಚಿತ್ರಾನೂ ಅದೇ ಡಿಸ್ಕಿಗೆ ಹಾಕಿಕೊಡ್ತೀನಿ. ಎರಡೆರಡು ಡಿಸ್ಕ್ ಕೊಟ್ರೆ ಒಂದನ್ನ ಕಳೀತಾರೆ. ಅದಕ್ಕೂ ಎಷ್ಟು ಸಲ ಬೈಸಿಕೊಂಡಿದೀನಿ, ಅಚ್ಚುಕಟ್ಟಿಲ್ಲ ಅಂತ."

"ಅಂಚೆಯಣ್ಣನ ಡಿಸ್ಕಿಗೆ ನೀವು ಎಷ್ಟು ಸಲ ಬರೆದ್ರಿ?"

"ಒಂದೇ ಸಲ."

ಮೈದುನ ಅವರನ್ನು ನೋಡಿದ, ಪತ್ತೇದಾರಮ್ಮನನ್ನು ನೋಡಿದ, ಕುರ್ಚಿಗೆ ಹಾರಿ ಕೂತ.

"ಹಾಗಾದ್ರೆ ಕೇಳಿ. ಇಂಥ ಡಿಸ್ಕಲ್ಲಿ ಬರೆದದ್ದನ್ನ ಅಳಿಸೋಕೆ ಆಗಲ್ಲ. ಮುಂದೆ ಜಾಗ ಇದ್ರೆ ಬರೀಬಹುದು, ಅಷ್ಟೇ. ಆದ್ರೆ ಓದೋವಾಗ ಕಂಪ್ಯೂಟರು ಕೊನೇ ಸಲ ಬರೆದದ್ದನ್ನ ಮಾತ್ರ ತೋರಿಸಿ ಸುಮ್ಮನಾಗುತ್ತೆ. ನಾವು ಕೇಳಿಲ್ಲ, ಅದು ಹೇಳಿಲ್ಲ."

"ಕೇಳೋಕೆ ಬರುತ್ತಾ?"

"ಲಿನಕ್ಸಲ್ಲಿ ಬರುತ್ತೆ. ಮೊದಲನೇ ಸಲ ಬರೆದದ್ದನ್ನೇ ತೆಗಿ ಅಂತ ಬರೆದು ಹೇಳಬೇಕು."

ಡಿಸ್ಕ್ ಮತ್ತೆ ಒಳಗೆ ಹೋಯಿತು. ಮೈದುನ ತಾನಾಗಿಯೇ ತೆರೆದುಕೊಂಡ ಕೋಶವನ್ನು ಮುಚ್ಚಿ, ಕಪ್ಪು ಪರದೆಯಲ್ಲಿ ಒಂದು ಸಾಲು ಬರೆದ. ಕೊನೆಯಲ್ಲಿ ಒಂದು ಸೊನ್ನೆ. ಕಂಪ್ಯೂಟರಿಗೆ ಲೆಕ್ಕ ಸೊನ್ನೆಯಿಂದಲೇ ಶುರುವಂತೆ. ಮೊದಲ ಸಲ ಅನುಮತಿ ಇಲ್ಲ ಎಂದಿತು. "ಸಾಕ್ಷಾತ್ ದೊಡ್ಡಪ್ಪನೇ," ಎಂದು ಗೊಣಗುತ್ತಾ ಪಾಸ್‌ವರ್ಡ್ ಹಾಕಿದ.

ಹೊಸ ಕೋಶ ತೆರೆಯಿತು. ಅದರಲ್ಲೂ ಒಂದೇ ಚಿತ್ರ. ಅದೇ ಸವೆದ ಮಂಡಿ. ಮೂಲೆಯಲ್ಲಿ ಸ್ವಲ್ಪ ಸೊಟ್ಟಗೆ ಕೂತ ಎಲ್.

"ಸೊಟ್ಟ!" ಎಕ್ಸ್‌ರೇಯವರು ಕೂಗಿಬಿಟ್ಟರು. "ನೋಡಿ, ನೋಡಿ, ನನ್ನ ಅಕ್ಷರ ಯಾವಾಗಲೂ ಸೊಟ್ಟ! ಇದು ನಂದೇ!" ಈಗ ಅವರ ಅಳು ಬೇರೆ ತರದ್ದು. ಮೈದುನನ ಎರಡೂ ಕೈ ಹಿಡಿದು ಅಲ್ಲಾಡಿಸಿದರು.

ಪತ್ತೇದಾರಮ್ಮನಿಗೂ ಕುಣಿಯಬೇಕೆನಿಸಿತು. ಆದರೆ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಡಿಸಿ ನೋಡಿದಾಗ ಕಾಲು ನೆಲಕ್ಕಂಟಿತು. ಸೀಸದ ಅಚ್ಚಕ್ಷರಗಳನ್ನು ತಿರುಗುಮುರುಗಾಗಿಯೇ ಓದಿ ಪಳಗಿದ ಕಣ್ಣು ಅವಳದು. ಎಲ್ ಇದ್ದ ಚಿತ್ರದಲ್ಲಿ ಮೂಳೆಯ ಈಚೆ ಬದಿಗೆ ಒಂದು ಸಾಸಿವೆಯಷ್ಟು ಚುಕ್ಕಿ. ಆರ್ ಇದ್ದ ಚಿತ್ರದಲ್ಲೂ ಅದೇ ಚುಕ್ಕಿ, ಅದೇ ಎತ್ತರದಲ್ಲಿ, ಆಚೆ ಬದಿಗೆ.

"ಇದು ಬೇರೆ ಮಂಡಿ ಅಲ್ಲ. ಅದನ್ನೇ ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿದ್ದಾರೆ. ಎಲ್ ಅಳಿಸಿ ಆರ್ ಅಂಟಿಸಿದ್ದಾರೆ."

"ಎಷ್ಟು ನಾಜೂಕಾಗಿ ಅಳಿಸಿದ್ದಾರೆ ಅತ್ತಿಗೆ! ಗುರುತೇ ಇಲ್ಲ. ಇದು ಫೋಟೋ ಕೆಲಸ ಗೊತ್ತಿರೋರ ಕೈ."

ಹೇಳಿದವನು ಮೈದುನ. ಹೇಳುವಾಗ ಅವನಿಗೆ ಯಾವ ಯೋಚನೆಯೂ ಇರಲಿಲ್ಲ. ಪತ್ತೇದಾರಮ್ಮನಿಗೆ ಮಾತ್ರ ಯಾಕೋ ಬಾಯಾರಿದಂತಾಯಿತು. ನೀರು ಕುಡಿದಳು.

"ಸರಿ. ನಾನು ಹೇಳಿಕೆ ಬರೀತೀನಿ," ಎಂದರು ಎಕ್ಸ್‌ರೇಯವರು. ಜೇಬಿನಿಂದ ಪೆನ್ನು ತೆಗೆದು, ಮೈದುನನ ಹತ್ತಿರ ಎರಡು ಹಾಳೆ ಇಸಿದುಕೊಂಡು, ಮೇಜಿನ ಮೂಲೆಯಲ್ಲಿ ಕೂತರು. "ಮೊದಲನೇ ಸಲ ಬರೆದದ್ದು ನಾನು, ಒಂಬತ್ತನೇ ತಾರೀಕು. ಎರಡನೇ ಸಲ ಬರೆದದ್ದು... ಯಾರು ಅಂತ ಗೊತ್ತಾಗುತ್ತಾ?"

"ಯಾರು ಅಂತ ಡಿಸ್ಕಿಗೆ ಗೊತ್ತಿರಲ್ಲ. ಯಾವ ಯಂತ್ರ ಅಂತ ಒಂದೊಂದು ಸಲ ಇರುತ್ತೆ," ಎಂದ ಮೈದುನ. "ಡಿಸ್ಕಿನ ತಲೆಬರಹದಲ್ಲಿ ಬರೆದವರ ಹೆಸರಿಗೆ ಅಂತ ಒಂದು ಜಾಗ ಇದೆ. ಎಲ್ಲರೂ ಖಾಲಿ ಬಿಡ್ತಾರೆ. ನಾನು ಕಟ್ಟಿದ ಯಂತ್ರಗಳಲ್ಲಿ ಮಾತ್ರ ಅದರ ಹೆಸರು ತಾನಾಗೇ ಬೀಳೋ ಹಾಗೆ ಮಾಡಿಟ್ಟಿರ್ತೀನಿ. ಡಿಸ್ಕ್ ಓದ್ತಿಲ್ಲ ಅಂತ ಯಾರಾದ್ರೂ ಬೈಕೊಂಡು ಬಂದ್ರೆ ಯಾವುದರಲ್ಲಿ ಬರೆದದ್ದು ಅಂತ ನನಗೆ ಗೊತ್ತಾಗಬೇಕಲ್ಲ. ನೋಡ್ತೀನಿ ತಾಳಿ. ಖಾಲಿನೇ ಇರುತ್ತೆ."

ಇನ್ನೊಂದು ಸಾಲು ಬರೆದ. ಉತ್ತರ ಇಳಿಯಿತು. ಬರೆದ ದಿನ, ಹದಿಮೂರನೇ ತಾರೀಕು. ಚಿತ್ರಕ್ಕೆ ಹಳೆಯ ತಾರೀಕು ಹಾಕಿದವನು ತಲೆಬರಹವನ್ನು ಮರೆತಿದ್ದ.

ಅದರ ಕೆಳಗೆ, ಖಾಲಿ ಇರಬೇಕಾದ ಜಾಗದಲ್ಲಿ, ಒಂದು ಹೆಸರು.

"ಸಿಡುಕತ್ತಿಗೆ," ಎಂದು ಓದಿದಳು ಪತ್ತೇದಾರಮ್ಮ. "ಯಾರೋ ಇದು? ನೀನಿಟ್ಟ ಹೆಸರಿನ ಹಾಗೇ ಇದೆ!"

ಮೈದುನನ ಮುಖ ಬಿಳುಚಿಕೊಂಡಿತ್ತು. ಕೈ ಮೌಸಿನ ಮೇಲೆ ಹೋಯಿತು, ಪರದೆಯ ಮೇಲಿನ ಆ ಕಿಟಕಿ ಮುಚ್ಚುವ ಗುರುತಿನ ತನಕ ಹೋಗಿ ನಿಂತಿತು.

"ಮುಚ್ಚಬೇಡ. ಯಾರ ಯಂತ್ರ?"

"ಅತ್ತಿಗೆ..."

"ಯಾರದು ಅಂದೆ."

"ಬೇಜಾರು ಮಾಡ್ಕೋಬೇಡಿ. ತಮಾಷೆಗೆ ಇಟ್ಟಿದ್ದು." ಅವನು ಎಕ್ಸ್‌ರೇಯವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದ. "ನಿಮ್ಮದು. ನಿಮ್ಮ ಲ್ಯಾಪ್‌ಟಾಪು."

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅದು ಡಿಸ್ಕ್ ಓದುವುದಿಲ್ಲವಲ್ಲ. ಹಾಗೆಂದವರು ಯಾರು? ಹದಿಮೂರಕ್ಕೆ ಅವಳು ಮನೆಯಲ್ಲೇ ಇರಲಿಲ್ಲವಲ್ಲ, ತಂಗಿಯ ಮನೆಗೆ ಹೋಗಿ ಎರಡು ದಿನ ನಿಂತಿದ್ದಳು. ಮತ್ತೆ ಮನೆಯಲ್ಲಿದ್ದವರು ಯಾರು? ಆಸ್ಪತ್ರೆಯ ಗೋಡೆಯ ಮೇಲೆ ನಗುತ್ತಿರುವ ದೊಡ್ಡ ಡಾಕ್ಟರ ಫೋಟೋ ತೆಗೆದವರು ಯಾರು? ಒಂದೊಂದು ಪ್ರಶ್ನೆಗೂ ಒಂದೇ ಮುಖ. ಆ ಮುಖ ಇಂಥದ್ದನ್ನು ಮಾಡುವುದಲ್ಲ ಎಂದು ಮೂವತ್ತು ವರ್ಷದ ಸಂಸಾರ ಹೇಳುತ್ತಿತ್ತು. ಇಲಿ ಹಿಡಿದರೂ ದೂರ ಹೋಗಿ ಬಿಟ್ಟು ಬರುವ ಮನುಷ್ಯ ಅವನು.

ಆಗ ನೀಲಿ ಪರದೆ ನೆನಪಾಯಿತು. ಅದನ್ನು ಬಿಗಿದಿದ್ದ ವೈರು ನೆನಪಾಯಿತು. ಕೆಂಪು ತುದಿ. ಅದರ ಪಕ್ಕ ಜೋತಾಡುತ್ತಿದ್ದ ಇನ್ನೊಂದು ತುದಿ, ಕಪ್ಪು.

"ಅಣ್ಣ ಹಾಗೆಲ್ಲ ಮಾಡಲ್ಲ ಅತ್ತಿಗೆ," ಎಂದ ಮೈದುನ ಪಿಸುದನಿಯಲ್ಲಿ. ಅವಳು ಅಣ್ಣನ ಹೆಸರೆತ್ತಿರಲೇ ಇಲ್ಲ. ಇಬ್ಬರಿಗೂ ಅದು ಒಟ್ಟಿಗೇ ಅರಿವಾಗಿ, ಇಬ್ಬರೂ ಕಣ್ಣು ತಪ್ಪಿಸಿದರು.

"ಯಂತ್ರ ಗೊತ್ತಾಯ್ತಾ?" ಮೂಲೆಯಿಂದ ಎಕ್ಸ್‌ರೇಯವರು ಕೇಳಿದರು. ದನಿಯಲ್ಲಿ ಹಬ್ಬದ ಸಂಭ್ರಮ. "ಅದೊಂದು ಸಿಕ್ಕಿಬಿಟ್ಟರೆ ನನ್ನ ಹೆಸರು ತೊಳೆದ ಹಾಗೆ. ಅದಿಲ್ಲದಿದ್ರೆ ಎರಡನೇ ಸಲಾನೂ ನಾನೇ ಬರೆದೆ ಅಂತಾರೆ, ಡ್ರೈವ್ ನಂದೇ ಅಲ್ವಾ?"

ನಿಜ. ಆ ಒಂದು ಹೆಸರಿಲ್ಲದಿದ್ದರೆ ಎರಡು ಉಂಗುರವೂ ಅವರ ಕೊರಳಿಗೇ.

ಪತ್ತೇದಾರಮ್ಮನ ಚೀಲದಲ್ಲಿ ಫೋನು ಗುನುಗಿತು. ತೆಗೆದು ನೋಡಿದಳು. ಮನೆಯ ನಂಬರು.

"ಹೇಳ್ರೀ."

"ತಮ್ಮನ ಅಂಗಡೀಲಿದ್ದೀಯಾ?" ಗಂಡನ ದನಿ ಎಂದಿನಷ್ಟೇ ಮೆತ್ತಗಿತ್ತು, ಸ್ವಲ್ಪ ಸುಸ್ತಾದಂತಿತ್ತು. ಅವಳು ಎಲ್ಲಿಗೆ ಹೋಗುತ್ತೇನೆಂದು ಹೇಳಿ ಬಂದಿರಲಿಲ್ಲ.

"ಹ್ಞೂಂ."

ಆಚೆ ಕಡೆ ಪರದೆಯ ಬಟ್ಟೆ ಬಿಚ್ಚಿಕೊಂಡು ಉರುಳಿದ ಹಾಗೆ ಏನೋ ಸರಸರ ಕೇಳಿಸಿತು.

"ಆ ಡ್ರೈವು ಒಂಟಿ ಕೇಬಲ್ಲಲ್ಲಿ ಓದಲ್ಲ ಕಣೆ," ಎಂದ ಅವನು. "ಎರಡು ತಲೇದು ಬೇಕು. ತರ್ಲಾ?"

ತಪ್ಪೊಪ್ಪಿಗೆಯೋ, ಸಹಾಯವೋ, ಬೆದರಿಕೆಯೋ? ಮೂವತ್ತು ವರ್ಷದಿಂದ ಕೇಳಿದ ದನಿ. ಅದರಲ್ಲಿ ಏನಿದೆ ಎಂದು ಅವಳಿಗೆ ತಿಳಿಯಲಿಲ್ಲ.

"ತನ್ನಿ," ಎಂದು ಫೋನು ಇಟ್ಟಳು.

ಎಕ್ಸ್‌ರೇಯವರು ಹಾಳೆಯ ಮೇಲೆ ಪೆನ್ನೂರಿ ಕಾಯುತ್ತಿದ್ದರು. ಎರಡನೇ ಸಲ ಬರೆದ ಯಂತ್ರ, ಎಂಬಲ್ಲಿಗೆ ಸಾಲು ನಿಂತಿತ್ತು. ಮೈದುನ ಬೇಡ ಎನ್ನುವಂತೆ ತಲೆಯಾಡಿಸಿದ. ಗಡಿಯಾರದಲ್ಲಿ ಒಂದು ಹೊಡೆಯಿತು.

"ಬರ್ಕೊಳ್ಳಿ," ಎಂದಳು ಪತ್ತೇದಾರಮ್ಮ. "ಆ ಯಂತ್ರ ನಂದು."

ಪೆನ್ನು ಅಲುಗಲಿಲ್ಲ. ಎಕ್ಸ್‌ರೇಯವರು ನಿಧಾನವಾಗಿ ತಲೆ ಎತ್ತಿ, ಈ ಹೆಂಗಸನ್ನು ಮೊದಲ ಸಲ ನೋಡುತ್ತಿರುವವರಂತೆ ನೋಡಿದರು. ಆಮೇಲೆ ಕೈ ಚಾಚಿ ಡ್ರೈವಿನ ಗುಂಡಿ ಒತ್ತಿ, ಡಿಸ್ಕನ್ನು ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು.